ಜರೀನಾ ಟೀಚರ್ ಮಾಡಿದ ಓಪನ್ ಕ್ಲಾಸ್

ರಾಣೆಬೆನ್ನೂರಿನ ಆ ಖಾಸಗಿ ಶಾಲೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದಕ್ಕೊಂದು ಜಾಹೀರಾತು ಮಾಡಿಕೊಟ್ಟಂತಾದೀತು. ಆದರೆ ಆ ಶಾಲೆಯಲ್ಲಿ ಆರು ವರ್ಷ ಇಂಗ್ಲಿಷ್ ಕಲಿಸಿ, ಒಂದು ಶನಿವಾರ ಪಾಠ ಮಾಡಿದ ತಪ್ಪಿಗೆ ಸೋಮವಾರ ಕೆಲಸ ಕಳೆದುಕೊಂಡ ಜರೀನಾಳ ಹೆಸರನ್ನು ಬರೆಯಲೇಬೇಕು. ‘ಪಾಠ ಮಾಡಿದ ತಪ್ಪಿಗೆ’ ಎಂದು ಯೋಚಿಸಿಯೇ ಬರೆದಿದ್ದೇನೆ. ಅವಳು ಮಾಡಿದ್ದು ಪಾಠ. ಅವರಿಗೆ ಬೇಕಾಗಿದ್ದದ್ದು ಬೇರೆ.

ಜರೀನಾ ಬ್ಯಾಡಗಿಯ ಹುಡುಗಿ. ತಂದೆ ಮಹಮ್ಮದ್ ಹನೀಫ್ ಮೆಣಸಿನಕಾಯಿ ಮಾರುಕಟ್ಟೆಯ ಎದುರಿಗೆ ದಬ್ಬಣ, ಸುತಳಿ ಮಾರುವ ಸಣ್ಣ ಅಂಗಡಿ ಇಟ್ಟಿದ್ದರು. ಚೀಲ ಹೊಲಿಯುವವರೆಲ್ಲ ಅವರ ಗಿರಾಕಿಗಳು. ತಾಯಿ ಗುಲಾಬಬಿ ಸೀಜನ್ನಿನಲ್ಲಿ ಗೋದಾಮಿನಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಅದೇ ಊರಿನ ಹೈಸ್ಕೂಲಿನಲ್ಲಿ ನಾನು ಕನ್ನಡ, ಇಂಗ್ಲಿಷ್ ಎರಡನ್ನೂ ಕಲಿಸುತ್ತಿದ್ದೆ. ನಾನು ಹಳೆಯ ಕಾಲದ ಮಾಸ್ತರ. ಕರ್ತೃ, ಕರ್ಮ, ಕ್ರಿಯಾಪದ ಮೂರೂ ತಮ್ಮ ತಮ್ಮ ಜಾಗದಲ್ಲಿ ಕುಳಿತಿದ್ದರೇನೇ ನನಗೆ ಊಟ ರುಚಿಸುವುದು. ಒಂದು ದಿನ ಎಂಟನೆಯ ತರಗತಿಗೆ ಕರ್ಮಣಿ ಪ್ರಯೋಗ ಕಲಿಸುತ್ತ, ‘ಬೇಟೆಗಾರನಿಂದ ಹುಲಿಯು ಕೊಲ್ಲಲ್ಪಟ್ಟಿತು’ ಎಂಬ ವಾಕ್ಯವನ್ನು ಇಂಗ್ಲಿಷಿನಲ್ಲಿ ಬೋರ್ಡಿನ ಮೇಲೆ ಬರೆದೆ. ಜರೀನಾ ಎದ್ದು ನಿಂತಳು.

“ಸರ, ಈ ಮಾತು ಯಾರು ಯಾರಿಗೆ ಹೇಳ್ತಾರ್ರಿ?”

“ಯಾರೂ ಹೇಳೂದಿಲ್ಲವಾ. ಇದು ವ್ಯಾಕರಣಕ್ಕ.”

“ಯಾರೂ ಹೇಳದ ಮಾತು ನಾವ್ಯಾಕ ಕಲೀಬೇಕ್ರಿ?”

ಇಡೀ ತರಗತಿ ನನ್ನ ಮುಖ ನೋಡಿತು. “ಹಂಗಾರ ಯಾರರ ಹೇಳೂವಂಥಾ ಮಾತು ನೀನ ಮಾಡ್ಕೊಂಡು ಬಾ” ಎಂದೆ. ಮರುದಿನ ಬಂದಳು.

“ಸರ, ‘ಚೀಲ ನನ್ನಿಂದ ಹೊಲಿಯಲ್ಪಟ್ಟಿತು’ ಅಂತ ಇಂಗ್ಲಿಷಿನ್ಯಾಗ ನಮ್ಮಪ್ಪನ ಮುಂದ ಹೇಳಿದ್ನಿರಿ. ಅರ್ಥಾನೂ ಬಿಡಿಸಿ ಹೇಳಿದ್ನಿ. ‘ನೀ ಹೊಲದಿದ್ರ ನಾ ಹೊಲದೆ ಅನ್ನು ಬೇ, ಚೀಲದ ಮ್ಯಾಲ ಯಾಕ ಹಾಕ್ತೀ?’ ಅಂತ ಬೈದ್ರು.”

ನಾನು ನಕ್ಕ ನಗುವಿಗೆ ಪಕ್ಕದ ಕೋಣೆಯ ಗಣಿತದ ಮಾಸ್ತರರು ಬಂದು ಇಣುಕಿ ಹೋದರು. ಮೂವತ್ತೈದು ವರ್ಷದ ನೌಕರಿಯಲ್ಲಿ ಚೆನ್ನಾಗಿ ಬರೆಯುವ ಮಕ್ಕಳನ್ನು ಬಹಳ ನೋಡಿದ್ದೇನೆ. ಮಾಸ್ತರನಿಗೆ ತಿರುಗಿ ಕೇಳುವ ಮಕ್ಕಳು ಬೆರಳಲ್ಲಿ ಎಣಿಸುವಷ್ಟು.

ಜರೀನಾ ಹಾವೇರಿಯಲ್ಲಿ ಬಿ.ಎ. ಮುಗಿಸಿದಳು, ಬಿ.ಎಡ್. ಮಾಡಿದಳು. ಬ್ಯಾಡಗಿಯಲ್ಲೇ ಪಂಪಿನ ಮೋಟಾರು ದುರಸ್ತಿ ಮಾಡುವ ಜಾಕೀರನನ್ನು ಮದುವೆಯಾದಳು. ಸರಕಾರಿ ನೌಕರಿಯ ದಾರಿ ಕಾಯುತ್ತ, ದಿನವೂ ಬಸ್ಸು ಹತ್ತಿ ರಾಣೆಬೆನ್ನೂರಿನ ಆ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗತೊಡಗಿದಳು.

ಒಮ್ಮೆ ಆ ಊರಿಗೆ ಹೋಗಿದ್ದಾಗ ಅವಳನ್ನು ನೋಡಿ ಬರೋಣವೆಂದು ಶಾಲೆಗೆ ಹೋದೆ. ವರಾಂಡದಲ್ಲಿ ಸಾಲು ಕೋಣೆಗಳು. ಮೊದಲ ಕೋಣೆಯಿಂದ “ಅಂಡರ್‌ಸ್ಟುಡ್?” ಎಂದು ಒಂದು ದನಿ, “ಯಸ್ ಮ್ಯಾಮ್!” ಎಂದು ಅರವತ್ತು ದನಿ. ಎರಡನೆಯ ಕೋಣೆಯಿಂದ “ಎನಿ ಡೌಟ್?” “ನೋ ಸರ್!” ಡೌಟೇ ಇಲ್ಲದ ಮಕ್ಕಳು ಶಾಲೆಗೇಕೆ ಬರಬೇಕೋ ನನಗೆ ತಿಳಿಯದು. ಕೊನೆಯ ಕೋಣೆಯಲ್ಲಿ ಮಾತ್ರ ಸಂತೆಯ ಗದ್ದಲ. ಅದು ಜರೀನಾಳ ತರಗತಿ. ಅವಳು ಒಂದು ಪ್ರಶ್ನೆ ಕೇಳಿ ಸುಮ್ಮನೆ ನಿಂತಿದ್ದಳು. ಮಕ್ಕಳು ತಮ್ಮತಮ್ಮಲ್ಲಿ ಕನ್ನಡದಲ್ಲಿ, ಉರ್ದುವಿನಲ್ಲಿ ಗುದ್ದಾಡಿ, ಕೊನೆಗೆ ಹೇಗೋ ಒಂದು ಇಂಗ್ಲಿಷ್ ವಾಕ್ಯವನ್ನು ಎಳೆದು ತಂದು ಅವಳ ಮುಂದೆ ಹಾಕುತ್ತಿದ್ದರು. ಕಾಲು ಮುರಿದಿದ್ದರೂ ಅದು ಅವರದೇ ವಾಕ್ಯ. ಜರೀನಾ ತಪ್ಪನ್ನು ಎತ್ತಿ ತೋರಿಸಲಿಲ್ಲ. ಅದೇ ವಾಕ್ಯವನ್ನು ಸರಿ ಮಾಡಿ ತನ್ನ ಮಾತಿನಲ್ಲಿ ತಿರುಗಿ ಹೇಳಿ, ಮತ್ತೊಂದು ಪ್ರಶ್ನೆ ಕೇಳಿದಳು. ನನ್ನಂಥವನಿಗೆ ಕೆಂಪು ಪೆನ್ನು ಹಿಡಿಯಲು ಕೈ ತುರಿಸುವುದು ಸಹಜ. ಆದರೂ ನಿಂತು ಕೇಳಿದಷ್ಟು ಹೊತ್ತು ನನಗೆ ಹಿತವೆನಿಸಿತು.

ಆ ತರಗತಿಗೆ ಒಂದು ಜೂನಿನಲ್ಲಿ ಮೈಲವ್ವ ಬಂದಳು. ದೇವರಗುಡ್ಡದ ಹುಡುಗಿ, ಏಳನೆಯ ತರಗತಿಯವರೆಗೆ ಸರಕಾರಿ ಕನ್ನಡ ಶಾಲೆಯಲ್ಲಿ ಓದಿದವಳು. ತಾಯಿ ಫಕ್ಕೀರವ್ವ ಬೀಜದ ಹೊಲದಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಾಳೆ. ಹೆಣ್ಣು ಹೂವಿನ ಮೊಗ್ಗು ಬಿಡಿಸಿ ಗಂಡು ಹೂವಿನ ಪುಡಿ ಮುಟ್ಟಿಸುವ ಕೆಲಸ. ಆ ಹೊಲ ಕೊಟ್ರಪ್ಪನವರದು. ಕೊಟ್ರಪ್ಪನವರು ದೊಡ್ಡ ಬೀಜದ ವ್ಯಾಪಾರಿ, ಆ ಶಾಲೆಯ ಅಧ್ಯಕ್ಷರೂ ಅವರೇ. ತಮ್ಮ ಹೊಲದ ಕೂಲಿಯವಳ ಮಗಳನ್ನು ಫೀ ಇಲ್ಲದೆ ಸೇರಿಸಿಕೊಂಡರು. ಒಳ್ಳೆಯ ಕೆಲಸವೇ. ಆದರೆ ಸ್ವಾತಂತ್ರ್ಯ ದಿನದಂದು ಅವಳನ್ನು ವೇದಿಕೆಗೆ ಹತ್ತಿಸಿ, ಪಕ್ಕದಲ್ಲಿ ನಿಲ್ಲಿಸಿಕೊಂಡು, ಆ ಒಳ್ಳೆಯತನವನ್ನು ಮೈಕಿನಲ್ಲಿ ಹೇಳಿದರು. ಫೋಟೋ ತೆಗೆಸಿದರು.

ಬಂದ ಮೊದಲ ದಿನವೇ ಮೈಲವ್ವ ಎದ್ದು ನಿಂತು “ಅಕ್ಕೋರ, ನೀರು ಕುಡದ ಬರ್ಲೇನ್ರಿ?” ಎಂದಿದ್ದಳು. ನಮ್ಮ ಕಡೆ ಕನ್ನಡ ಶಾಲೆಗಳಲ್ಲಿ ಶಿಕ್ಷಕಿಯನ್ನು ಅಕ್ಕೋರು ಎಂದೇ ಕರೆಯುವುದು. ಆ ಶಾಲೆಯಲ್ಲಿ ‘ಮ್ಯಾಮ್’ ಬಿಟ್ಟು ಬೇರೆ ಮಾತಿಲ್ಲ. ತರಗತಿ ಬಿದ್ದು ಬಿದ್ದು ನಕ್ಕಿತು. “ಅಕ್ಕೋರ ಬಂದ್ಲು, ಅಕ್ಕೋರ ಬಂದ್ಲು” ಎಂದು ಅವಳಿಗೇ ಹೆಸರಿಟ್ಟರು. “ನಗಬ್ಯಾಡ್ರಿ, ನಮ್ಮೂರಾಗೂ ಹಂಗ ಕರೀತಾರ. ನನಗ ಅಕ್ಕೋರ ಅಂದ್ರ ಖುಷಿ ಆಕ್ಕೈತಿ” ಎಂದು ಜರೀನಾ ಹೇಳಿದರೂ ಆಗಬೇಕಾದದ್ದು ಆಗಿಹೋಗಿತ್ತು. ಮೈಲವ್ವ ಬಾಯಿ ಮುಚ್ಚಿದಳು. ಎರಡು ತಿಂಗಳಿಗೂ ಹೆಚ್ಚು ಕಾಲ ಕನ್ನಡವಿಲ್ಲ, ಇಂಗ್ಲಿಷಿಲ್ಲ, ಹಾಜರಿಗೆ ಸಹ ತಲೆ ಅಲ್ಲಾಡಿಸುವಳು.

ಒಂದು ದಿನ ಜರೀನಾ ಒಂದು ಚಿತ್ರ ತೋರಿಸಿ, ಅದರಲ್ಲಿ ಏನೇನು ನಡೆದಿದೆ ಹೇಳಿರೆಂದಳು. ಫಿರೋಜ್ ಎಂಬ ತಂಟೆಕೋರ ಹುಡುಗ ಎದ್ದು, ಚಿತ್ರದ ಎಮ್ಮೆಯನ್ನು ತೋರಿಸಿ, “ಹೀ ಈಸ್ ಈಟಿಂಗ್ ಗ್ರಾಸ್” ಎಂದ. ಹಿಂದಿನ ಬೆಂಚಿನಿಂದ ಕಿಸಕ್ಕೆಂದು ನಗು ಬಂತು. ಮೈಲವ್ವ!

“ಯಾಕವಾ, ಏನಾತು?” ಎಂದಳು ಜರೀನಾ.

“ಅಕ್ಕೋರ, ಎಮ್ಮೀಗಿ ‘ಹೀ’ ಅನ್ನಾಕತ್ಯಾನ್ರಿ ಇಂವ. ಹಾಲು ಹಿಂಡೂ ಹೊತ್ತಿನ್ಯಾಗ ಕರಕೊಂಡ ಹೋಗ್ರಿ, ತಾನ ಗೊತ್ತಾಕ್ಕೈತಿ.”

ಈ ಸಲ ತರಗತಿ ನಕ್ಕದ್ದು ಫಿರೋಜನನ್ನು ನೋಡಿ. ಅವನೂ ಕೈ ಮುಗಿದು, “ತಪ್ಪಾತವಾ ತಾಯಿ” ಎಂದ.

“ಅದನ್ನ ಅವಗ ಇಂಗ್ಲಿಷಿನ್ಯಾಗ ಹೇಳು” ಎಂದು ಜರೀನಾ ಕಾದು ನಿಂತಳು. ಬಹಳ ಹೊತ್ತು ಕಾದಳಂತೆ. ಕೊನೆಗೆ ಮೈಲವ್ವ ಹೇಳಿದಳು: “ಫಿರೋಜ್, ಶಿ ಗಿವ್ ಮಿಲ್ಕ್. ಯು ಕಮ್ ಮೈ ಹೌಸ್. ಯು ಸೀ.”

ಅವತ್ತು ಸಂಜೆ ಜರೀನಾ ನನಗೆ ಫೋನು ಮಾಡಿ ಈ ಮಾತನ್ನು ಎರಡೆರಡು ಸಲ ಹೇಳಿದಳು. ಅಂದಿನಿಂದ ಮೈಲವ್ವನ ಬಾಯಿ ನಿಲ್ಲಲಿಲ್ಲ. ತಪ್ಪು ಇಂಗ್ಲಿಷು, ಆದರೆ ಧೈರ್ಯದ ಇಂಗ್ಲಿಷು. ಯಾಕೆ, ಯಾರು, ಹೇಗೆ ಎಂದು ಕೇಳಿ ಕೇಳಿ ಪಾಠವನ್ನು ಎತ್ತೆತ್ತಲೋ ಒಯ್ಯುತ್ತಿದ್ದಳು.

ಫೆಬ್ರವರಿಯಲ್ಲಿ ಶಾಲೆಯವರು ‘ಓಪನ್ ಕ್ಲಾಸ್’ ಇಟ್ಟುಕೊಂಡರು. ಹೊಸದಾಗಿ ಮಕ್ಕಳನ್ನು ಸೇರಿಸುವ ತಂದೆ-ತಾಯಿಗಳನ್ನು ಕರೆಸಿ, ಸಭಾಂಗಣದಲ್ಲಿ ಬೆಂಚು ಹಾಕಿಸಿ, ಅವರ ಎದುರಿಗೇ ಪಾಠ ಮಾಡಿ ತೋರಿಸುವುದು. ಹುಡುಗಿಯ ಮನೆಗೆ ಗಂಡಿನವರು ಬಂದಾಗ ಮಾಡುವ ಏರ್ಪಾಟೇ ಎನ್ನಿ. ಎಂಟನೆಯ ತರಗತಿಯ ಇಂಗ್ಲಿಷ್ ಪಾಠ ಜರೀನಾಳ ಪಾಲಿಗೆ ಬಂತು. ಅಧ್ಯಕ್ಷರು ಅವಳನ್ನೂ ಮುಖ್ಯಾಧ್ಯಾಪಕ ಚೇತನಕುಮಾರನನ್ನೂ ಕೂಡಿಸಿಕೊಂಡು ಏನೇನು ಆಗಬೇಕೆಂದು ಹೇಳಿದರು. ಹದಿನೈದು ದಿನ ಮೊದಲೇ ಪ್ರಶ್ನೆ ಕೊಡಬೇಕು, ಉತ್ತರ ಬಾಯಿಪಾಠ ಮಾಡಿಸಬೇಕು.

“ಸರ, ಅದು ಪಾಠ ಅಲ್ರಿ, ನಾಟಕ ಆಕ್ಕೈತಿ” ಎಂದಳು ಜರೀನಾ.

“ನಾಟಕಾನ ಆಗಲಿ ತಗೊಳವಾ” ಎಂದರು ಕೊಟ್ರಪ್ಪನವರು. “ನಾಟಕಕ್ಕ ಮಂದಿ ಬರೂದಿಲ್ಲೇನು? ನಿನ್ನ ಪಾಠಕ್ಕ ಯಾರು ಬರ್ತಾರ? ಪ್ರಶ್ನಿ ಕೇಳಿದ ಕೂಡ್ಲೇ ಎಲ್ಲಾ ಕೈ ಮ್ಯಾಲ ಏಳಬೇಕು ನೋಡು. ಬಂದಾವ್ರಿಗೆ ತೆನಿ ಬಿಟ್ಟ ಜೋಳದ ಹೊಲ ಕಂಡಂಗ ಕಾಣಬೇಕು.”

“ಗೊತ್ತಿಲ್ಲದ ಹುಡುಗರು ಕೈ ಎತ್ತಿ ಏನ್ ಮಾಡ್ತಾವ್ರಿ?”

ಅದಕ್ಕೆ ಚೇತನಕುಮಾರನ ಹತ್ತಿರ ಉಪಾಯವಿತ್ತು. ಗೊತ್ತಿದ್ದವರು ಬಲಗೈ ಎತ್ತಬೇಕು, ಗೊತ್ತಿಲ್ಲದವರು ಎಡಗೈ ಎತ್ತಬೇಕು. ಟೀಚರ್ ಬಲಗೈಯವರನ್ನಷ್ಟೇ ಎಬ್ಬಿಸಬೇಕು. ನೋಡುವವರಿಗೆ ಎಲ್ಲ ಮಕ್ಕಳೂ ಜಾಣರೇ. ಇದು ಅವನ ಹೊಸ ಶೋಧವೇನಲ್ಲ. ಸಾಹೇಬರು ತಪಾಸಣೆಗೆ ಬರುವ ದಿನ ಎಷ್ಟೋ ಶಾಲೆಗಳಲ್ಲಿ ನಡೆದು ಬಂದ ಹಳೆಯ ಮೋಸ. ಸಾಹೇಬರ ಕಾಟಕ್ಕೆ ಹೆದರಿ ಮಾಸ್ತರ ಮಾಡಿದ್ದನ್ನು ಹೇಗೋ ಸಹಿಸಬಹುದು. ಮಕ್ಕಳಿಗೆ ಮೋಸವನ್ನೇ ಪಾಠದಂತೆ ತಾಲೀಮು ಮಾಡಿಸಿ, ಅದನ್ನು ತೋರಿಸಿ ಮತ್ತಷ್ಟು ಮಕ್ಕಳನ್ನು ಸೇರಿಸಿಕೊಳ್ಳುವುದನ್ನು ಏನೆನ್ನಬೇಕು?

ಕೊನೆಗೆ ಕೊಟ್ರಪ್ಪನವರು ಹೇಳಿದರಂತೆ: “ಆ ನಮ್ಮ ಫಕ್ಕೀರವ್ವನ ಮಗಳು ಐತಲ್ಲ, ಅವತ್ತೊಂದಿನ ಅದು ಬರೂದು ಬ್ಯಾಡ. ಅದರ ಇಂಗ್ಲಿಷ್ ಕೇಳಿದ್ರ ಬಂದ ಮಂದಿ ಎದ್ದು ಹೊಕ್ಕಾರ. ಹೆಂಗೂ ಕ್ರಾಸಿಂಗ್ ನಡದೈತಿ, ಅವ್ವನ ಕೂಡ ಹೊಲಕ್ಕ ಹೋಗಲಿ.”

ನಿವೃತ್ತನಾದ ಮೇಲೆ ನಾನು ಹಾವೇರಿಯಲ್ಲಿದ್ದೆ. ಆ ಭಾನುವಾರ ಜರೀನಾ ನಮ್ಮ ಮನೆಗೆ ಬಂದಳು. ಕೊಟ್ಟ ಚಹಾ ಆರಿಹೋಯಿತು, ಅವಳು ಮುಟ್ಟಲಿಲ್ಲ.

“ಬಾಯಿಪಾಠ ಮಾಡಸಂದ್ರು, ಮಾಡಸ್ತೇನ್ರಿ ಸರ. ಎಡಗೈ ಬಲಗೈ ಅಂದ್ರು, ಅದನ್ನೂ ಹೇಳ್ಕೊಟ್ಟೇನಿ. ನೌಕರಿ ಬೇಕಲ್ರಿ. ಆದ್ರ ಮೈಲವ್ವನ್ನ ಹೊರಗ ಇಡಾಕ ನನ್ನ ಕಡಿಂದ ಆಗೂದಿಲ್ಲ. ಒಮ್ಮೆ ನಕ್ಕಿದ್ದಕ್ಕ ಎರಡು ತಿಂಗಳು ಮೂಕಿ ಆಗಿ ಕುಂತಾಕಿ ಅದು. ಈಗ ‘ನಿನ್ನ ಮಾತು ಕೇಳಿದ್ರ ನಮಗ ನಾಚಿಕಿ’ ಅಂತ ಹೊರಗ ಹಾಕಿದ್ರ, ಮತ್ತ ಬಾಯಿ ತೆಗೀತಾಳೇನ್ರಿ? ಬಾಯಿ ಮುಚ್ಚಿದ ಹುಡುಗಿ ಮುಂದಿನ ವರ್ಷ ಸಾಲೀನೂ ಬಿಡ್ತಾಳ. ಹೊಲ ಅಂತೂ ಕಾಯ್ಕೋತ ಕುಂತೈತಿ.”

“ಅವರ ಮುಂದ ಇದನ್ನ ಹೇಳಿದ್ಯಾ?”

“ಹೇಳಿದ್ನಿರಿ. ‘ಪುಕ್ಕಟೆ ಓದಾಕತ್ತೈತಿ, ಒಂದಿನ ಮನ್ಯಾಗ ಕುಂತ್ರ ಏನಾತು’ ಅಂದ್ರು.”

ನನ್ನ ಮೈಯುರಿದು ಹೋಯಿತು. ಅದೇ ಶಾಲೆಯವರು ಮುಖ್ಯ ಅತಿಥಿಯೆಂದು ನನಗೆ ಆಮಂತ್ರಣ ಕಳಿಸಿದ್ದರು. ಮುಂದಿನ ಸಾಲಿನಲ್ಲಿ ಒಬ್ಬ ನಿವೃತ್ತ ಇಂಗ್ಲಿಷ್ ಮಾಸ್ತರನಿದ್ದರೆ ಅವರಿಗೆ ಶೋಭೆ. ಹೋಗುವುದಿಲ್ಲವೆಂದೆ. “ಬರ್ರಿ ಸರ” ಎಂದಳು ಜರೀನಾ. “ನನ್ನ ಪಾಠ ಕೇಳೂವಂಥಾವ್ರು ಒಬ್ಬರರ ಇರ್ಲಿ.”

ಶುಕ್ರವಾರ ಶಾಲೆ ಬಿಟ್ಟ ಮೇಲೆ ಅವಳು ದೇವರಗುಡ್ಡಕ್ಕೆ ಹೋದಳು. ಫಕ್ಕೀರವ್ವ ಆಗತಾನೆ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದಳು.

“ನೀವು ಕಳಸು ಅಂತೀರಿ ಅಕ್ಕೋರ, ಧಣ್ಯಾರು ಬ್ಯಾಡ ಅಂತಾರ” ಎಂದಳು ಫಕ್ಕೀರವ್ವ. “ನಾ ಯಾರ ಮಾತು ಕೇಳ್ಲಿ? ಸೋಮವಾರ ಕೂಲಿಗೆ ಕರ್ಯಾವ್ರು ಅವ್ರ ಅದಾರ.”

“ನಾ ಜೋರಾವರಿ ಮಾಡೂದಿಲ್ಲವಾ ಫಕ್ಕೀರವ್ವ. ಇದ್ದದ್ದು ಇದ್ದಂಗ ತಿಳಸಾಕ ಬಂದೇನಿ. ಕಳಸಿದ್ರ ನಾ ಆಕೀನ ಮಾತಾಡಸ್ತೇನಿ. ಅದಕ್ಕ ಅವ್ರು ಸಿಟ್ಟಾದ್ರೂ ಆಗಬೌದು.”

ಮೈಲವ್ವ ಬಾಗಿಲಿಗೆ ಒರಗಿ ನಿಂತಿದ್ದಳು. “ಯವ್ವಾ, ನಾ ಹೊಕ್ಕೇನಿ” ಎಂದಳು.

“ಹೋಗಿ ಏನ್ ಮಾಡ್ತೀ?”

“ಎಲ್ಲಾರೂ ಹೊಕ್ಕಾರ. ನಾ ಏನ್ ಕಳವು ಮಾಡೇನಿ?”

ಫಕ್ಕೀರವ್ವ “ಹಾಳಾಗಿ ಹೋಗು” ಎಂದು ಬೈದು, ಮರುದಿನ ಬೆಳಿಗ್ಗೆ ತಾನೇ ಎಣ್ಣೆ ಹಚ್ಚಿ ಹೆರಳು ಹಾಕಿ ಕಳಿಸಿದಳು.

ಶನಿವಾರ ಸಭಾಂಗಣ ತುಂಬಿತ್ತು. ಹಿರೇಕೆರೂರು, ಹಾವೇರಿ ಕಡೆಯಿಂದಲೂ ತಂದೆ-ತಾಯಿಗಳು ಕಾರು ಮಾಡಿಕೊಂಡು ಬಂದಿದ್ದರು. ನಾನು ಕೊಟ್ರಪ್ಪನವರ ಪಕ್ಕದ ಕುರ್ಚಿಯಲ್ಲಿ ಕುಳಿತೆ. ಮಕ್ಕಳು ಸಾಲಾಗಿ ಬಂದು ಬೆಂಚುಗಳಲ್ಲಿ ಕುಳಿತರು. ಎಲ್ಲರ ಕೊನೆಗೆ ಎರಡು ಹೆರಳಿನ ಒಂದು ಹುಡುಗಿ ಬಂದಾಗ ಅಧ್ಯಕ್ಷರು ತಿರುಗಿ ಚೇತನಕುಮಾರನನ್ನು ನೋಡಿದರು. ಅವನು ನೆಲ ನೋಡಿದ.

ಪಾಠದಲ್ಲಿ ಒಂದು ಹುಡುಗಿ ದೊಡ್ಡ ಪಟ್ಟಣದಲ್ಲಿ ದಾರಿ ತಪ್ಪಿಸಿಕೊಂಡು ಪೊಲೀಸನನ್ನು ದಾರಿ ಕೇಳುತ್ತಾಳೆ. ಜರೀನಾ ಗೋಡೆಗೆ ದೊಡ್ಡ ಚಿತ್ರ ತೂಗುಹಾಕಿ ಮೊದಲ ಪ್ರಶ್ನೆ ಕೇಳಿದಳು. ಎಲ್ಲ ಕೈಗಳೂ ಒಮ್ಮೆಲೇ ಮೇಲೆದ್ದವು. ಬಂದವರು ವಾಹ್ ಎಂದರು, ಕೊಟ್ರಪ್ಪನವರ ಎದೆ ಉಬ್ಬಿತು. ಅಷ್ಟು ಕೈಗಳಲ್ಲಿ ಎಷ್ಟು ಎಡ, ಎಷ್ಟು ಬಲ ಎಂದು ನೋಡಿದವನು ನಾನೊಬ್ಬನೇ ಇರಬೇಕು. ಅರ್ಧಕ್ಕಿಂತ ಹೆಚ್ಚು ಎಡಗೈಗಳೇ. ಗೊತ್ತಿಲ್ಲ ಎಂದು ಅಷ್ಟು ಮಕ್ಕಳು ಎಲ್ಲರೆದುರಿಗೆ ಕೈ ಎತ್ತಿ ಹೇಳುತ್ತಿದ್ದಾರೆ, ಹಿರಿಯರು ಚಪ್ಪಾಳೆ ತಟ್ಟುತ್ತಿದ್ದಾರೆ! ಬಲಗೈಯವರು ಒಬ್ಬೊಬ್ಬರಾಗಿ ಎದ್ದು ಬಾಯಿಪಾಠದ ಉತ್ತರವನ್ನು ಗಡಗಡ ಒಪ್ಪಿಸಿ ಕುಳಿತರು.

ಹೀಗೆ ಮೂರು ಪ್ರಶ್ನೆ ಮುಗಿದವು. ನಾಲ್ಕನೆಯದಕ್ಕೆ ಜರೀನಾ ಬೆಂಚುಗಳ ನಡುವೆ ನಡೆದು ಕೊನೆಯ ಸಾಲಿಗೆ ಹೋದಳು. ಮೈಲವ್ವ ಎಡಗೈ ಎತ್ತಿದ್ದಳು.

“ಯಸ್, ಮೈಲವ್ವ. ಆಸ್ಕ್” ಎಂದಳು ಜರೀನಾ. ಉತ್ತರ ಹೇಳು ಎನ್ನಲಿಲ್ಲ, ಕೇಳು ಎಂದಳು.

ಮೈಲವ್ವ ಎದ್ದಳು. ಚಿತ್ರ ನೋಡಿದಳು. “ಮ್ಯಾಮ್, ದಿಸ್ ಗರ್ಲ್... ವೈ ಶಿ ಆಸ್ಕ್ ಪೊಲೀಸ್? ಐ ಆಸ್ಕ್ ವುಮನ್. ಐ ನೋ ಆಸ್ಕ್ ಪೊಲೀಸ್.”

“ನೋ ವುಮನ್ ಇನ್ ಪಿಕ್ಚರ್!” ಎಂದು ಫಿರೋಜ್ ಕುಳಿತಲ್ಲಿಂದಲೇ ಕೂಗಿದ.

“ದೇರ್! ಕಣ್ಣು ಬಿಡ್ಲೇ! ಸೆಲ್ಲಿಂಗ್ ಫ್ಲವರ್!”

“ಅರೆ ಹಾಂ, ಪೀಛೇ ಔರತ್ ಹೈ ನಾ” ಎಂದು ಮತ್ತೊಬ್ಬ ಚಿತ್ರದ ಹಿಂಬದಿಯ ಹೆಂಗಸನ್ನು ತೋರಿಸಿದ. ಇನ್ನೊಬ್ಬ ಹುಡುಗಿ ಎದ್ದು, ಹೂವು ಮಾರುವವಳಿಗೆ ಗಿರಾಕಿಗಳ ಗಡಿಬಿಡಿ, ಅದಕ್ಕೇ ಪೊಲೀಸನನ್ನು ಕೇಳಿದ್ದಾಳೆ ಎಂದು ಅರ್ಧ ಇಂಗ್ಲಿಷಿನಲ್ಲಿ ವಾದಿಸಿದಳು. ಪೊಲೀಸರಿಗೆ ಹೆದರಬಾರದೆಂದು ಒಬ್ಬ, ಹೆದರಲೇಬೇಕೆಂದು ಒಬ್ಬ. ಯಾರಿಗೂ ಯಾವ ಕೈ ಎತ್ತಬೇಕೆಂಬ ನೆನಪೇ ಉಳಿಯಲಿಲ್ಲ. ಜರೀನಾ ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುತ್ತಿದ್ದಳು. ಮಾತು ಕಲಿಸುವುದೆಂದರೆ ಇದೇ. ಬೇರೆ ಯಾವುದೂ ಅಲ್ಲ.

ಮುಂದಿನ ಸಾಲಿನಿಂದ ಒಬ್ಬ ತಂದೆ ನಕ್ಕು, “ಏನ್ರೀ ಇದು, ಇಂಗ್ಲಿಷ್ ಮೀಡಿಯಂ ಅಂತ ಬಂದ್ರ ‘ಐ ನೋ ಆಸ್ಕ್’ ಅಂತಾವು!” ಎಂದ. ನಗು ಸಾಲಿನಿಂದ ಸಾಲಿಗೆ ಹರಿಯಿತು. ಕೊಟ್ರಪ್ಪನವರು ಎದ್ದರು. ಮೈಕು ಕೈಗೆ ತೆಗೆದುಕೊಂಡರು.

“ತಪ್ಪು ತಿಳ್ಕೋಬ್ಯಾಡ್ರಿ. ಆ ಹುಡುಗಿ ನಮ್ಮ ಹೊಲದಾಗ ದುಡಿಯೂ ಹೆಣ್ಮಗಳ ಮಗಳು. ಧರ್ಮಕ್ಕ ಸೇರಿಸ್ಕೊಂಡೇವಿ. ಅದನ್ನ ನೋಡಿ ನಮ್ಮ ಸಾಲಿ ಅಳೀಬ್ಯಾಡ್ರಿ. ಉಳಿದ ಹುಡುಗ್ರು ಹಂಗಿಲ್ಲ.”

ಮೈಲವ್ವ ನಿಂತೇ ಇದ್ದಳು, ಮುಖ ಬಾಡಿತ್ತು. ಹದಿಮೂರು ವರ್ಷದ ಹುಡುಗಿಯನ್ನು ಹಾಗೆ ತುಂಬಿದ ಸಭೆಯಲ್ಲಿ ಬೆತ್ತಲೆ ಮಾಡಿದಂತೆ ಮಾಡಿದ ಆ ಮನುಷ್ಯನ ಕೈಯಲ್ಲಿ ಎರಡು ಉಂಗುರ ಹೊಳೆಯುತ್ತಿದ್ದದ್ದು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಜರೀನಾ ತಿರುಗಿದಳು. ದನಿ ಏರಿಸಲಿಲ್ಲ.

“ಸರ, ಪಾಠ ನಡದೈತ್ರಿ. ನಡುವ ಮಾತಾಡೂದಿದ್ರ ಕೈ ಎತ್ತಬೇಕ್ರಿ. ಯಾವ ಕೈ ಅನ್ನೂದು ನಿಮಗ ಗೊತ್ತ ಐತಿ.”

ಮೊದಲು ನಕ್ಕವರು ಮಕ್ಕಳು. ಗುಟ್ಟು ಅವರಿಗೆ ಗೊತ್ತಿತ್ತಲ್ಲ. ಫಿರೋಜನಂತೂ ಬೆಂಚಿಗೆ ತಲೆ ಹಚ್ಚಿಕೊಂಡು ನಕ್ಕ. ಏನು ಎತ್ತ ತಿಳಿಯದ ದೊಡ್ಡವರು ಮುಖ ಮುಖ ನೋಡಿಕೊಂಡರು. ಕೊಟ್ರಪ್ಪನವರು ಮೈಕು ಹಿಡಿದುಕೊಂಡೇ ಕುಳಿತರು. ಜರೀನಾ ಮತ್ತೆ ಮೈಲವ್ವನ ಕಡೆ ತಿರುಗಿ, ಹೂವು ಮಾರುವವಳನ್ನು ನೀನು ಹೇಗೆ ಕೇಳುತ್ತೀ ಎಂದು ಇಂಗ್ಲಿಷಿನಲ್ಲಿ ಕೇಳಿ, ಕಾದಳು. ಆ ಕಾಯುವಿಕೆಯಷ್ಟು ಉದ್ದವಾದದ್ದನ್ನು ನಾನು ಯಾವ ತರಗತಿಯಲ್ಲೂ ಕಂಡಿಲ್ಲ. ಮೈಲವ್ವ ಚಿತ್ರದ ಕಡೆ ತಿರುಗಿದಳು. “ಅಕ್ಕಾ,” ಎಂದಳು, “ಐ ಲಾಸ್ಟ್ ಮೈ ವೇ. ಪ್ಲೀಸ್ ಟೆಲ್.” ಹೇಳಿ ಮುಗಿಸಿಯೇ ಕುಳಿತಳು.

ಆಮೇಲೆ ಮುಖ್ಯ ಅತಿಥಿಯ ಎರಡು ಮಾತು. ನಾನು ಎದ್ದು, “ಇಲ್ಲಿ ಬಂದಿರುವ ತಂದೆ-ತಾಯಿಗಳೇ, ಇವತ್ತು ನೀವು ಕೇಳಿದ ಇಂಗ್ಲಿಷಿನಲ್ಲಿ ಬಾಯಿಪಾಠವಲ್ಲದ್ದು ಹುಟ್ಟಿದ್ದು ಒಂದೇ ಒಂದು ಪ್ರಶ್ನೆಯಿಂದ. ನೀವು ನಕ್ಕದ್ದು ಅದಕ್ಕೇ...” ಎನ್ನುವಷ್ಟರಲ್ಲಿ ಕೊಟ್ರಪ್ಪನವರು ಶಾಲು ತಂದು ಹೊದಿಸಿದರು. ಶಾಲಿನ ಹಿಂದೆ ಹಾರ, ಹಾರದ ಹಿಂದೆ ಹಣ್ಣಿನ ಬುಟ್ಟಿ. ಫೋಟೋದವನು ಈ ಕಡೆ ನೋಡ್ರಿ ಸರ ಎಂದ. ಮಾತು ಅಲ್ಲಿಗೇ ನಿಂತಿತು. ಸತ್ಕಾರ ಮಾಡಿ ಬಾಯಿ ಮುಚ್ಚಿಸು‌ವ ವಿದ್ಯೆ ನಮ್ಮ ಸಭೆಗಳಿಗೆ ಚೆನ್ನಾಗಿ ಬರುತ್ತದೆ. ಶಾಲನ್ನು ಕುರ್ಚಿಯ ಮೇಲೆ ಬಿಟ್ಟು ಬಸ್ಸು ಹತ್ತಿದೆ.

ಸೋಮವಾರ ಬೆಳಿಗ್ಗೆ ಚೇತನಕುಮಾರ ಜರೀನಾಳಿಗೆ ಫೋನು ಮಾಡಿದ. ಇನ್ನು ಬರುವುದು ಬೇಡ, ಮ್ಯಾನೇಜ್‌ಮೆಂಟಿನ ತೀರ್ಮಾನ. ಕಾರಣ ಕೇಳಿದರೆ ‘ಶಿಸ್ತು’ ಎಂದ. ಫೋನು ಇಡುವ ಮೊದಲು, “ನನಗೂ ಮನಿ ಮಕ್ಕಳು ಅದಾವ್ರಿ ಟೀಚರ್” ಎಂದ. ಆರು ವರ್ಷದ ಕೆಲಸಕ್ಕೆ ಒಂದು ಆದೇಶವಿಲ್ಲ, ಒಂದು ಸಹಿಯಿಲ್ಲ. ಕೆಲಸದ ಆಳನ್ನು ಬಿಡಿಸುವಾಗಲೂ ಜನ ಎದುರಿಗೆ ನಿಂತು ಹೇಳುತ್ತಾರೆ.

ಅದೇ ಸೋಮವಾರ ಕೂಲಿಯವರನ್ನು ಒಯ್ಯುವ ಟಂಟಂ ಗಾಡಿ ಫಕ್ಕೀರವ್ವನ ಮನೆಯ ಮುಂದೆ ನಿಲ್ಲದೆ ಹೋಯಿತು. ಜರೀನಾ ವಿಷಯ ತಿಳಿದು ಓಡಿಹೋದಳು. “ನಿಮ್ಮ ಇಂಗ್ಲಿಷ್ ನಮಗ ಭಾಳ ತುಟ್ಟಿ ಆತು ಅಕ್ಕೋರ” ಎಂದಳು ಫಕ್ಕೀರವ್ವ. ಜರೀನಾ ತಲೆ ತಗ್ಗಿಸಿ ನಿಂತಳು. ಫಕ್ಕೀರವ್ವ ಬೈದಷ್ಟೂ ಬೈದು, ಆಮೇಲೆ ಹೇಳಿದಳು: “ಧರ್ಮಕ್ಕ ಅಂತ ಮೈಕಿನ್ಯಾಗ ಅಂದ್ರಂತಲ್ಲ. ನನ್ನ ಬೆಳ್ಳು ನೋಡ್ರಿ. ಧರ್ಮಕ್ಕ ಯಾರು ಯಾರಿಗೆ ಮಾಡ್ಯಾರ? ಆ ಸಾಲಿ ನಮಗ ಬ್ಯಾಡ. ಬ್ಯಾರೆ ಸಾಲಿ ನೋಡ್ರಿ. ಹುಡುಗೀನಂತೂ ಬಿಡಸೂದಿಲ್ಲ.” ಮೊಗ್ಗು ಬಿಡಿಸಿ ಬಿಡಿಸಿ ಅವಳ ಬೆರಳ ತುದಿಗಳು ಸೀಳಿದ್ದವು. ಕೆಲವು ದಿನಗಳಲ್ಲಿ ಬೇರೊಬ್ಬರ ಹೊಲದಲ್ಲಿ ಅವಳಿಗೆ ಕೆಲಸ ಸಿಕ್ಕಿತು.

ಮೈಲವ್ವ ಹೇಗೋ ಆ ವರ್ಷದ ಪರೀಕ್ಷೆ ಮುಗಿಸಿದಳು. ಜೂನಿನಲ್ಲಿ ಜರೀನಾ ಅವಳ ಜೊತೆಗೆ ಹೋಗಿ ಒಂದು ಸರಕಾರಿ ಹೈಸ್ಕೂಲಿಗೆ ಸೇರಿಸಿದಳು. ಹಗಲು ಫಕ್ಕೀರವ್ವ ಹೊಲದಲ್ಲಿರುವುದರಿಂದ ಶಾಲೆಯವರಿಗೆ ತನ್ನ ಫೋನ್ ನಂಬರನ್ನೇ ಕೊಟ್ಟು ಬಂದಳು. ಅಲ್ಲಿ ಇಂಗ್ಲಿಷ್ ಶಿಕ್ಷಕರ ಹುದ್ದೆ ಖಾಲಿ. ವಿಜ್ಞಾನದ ಶಿಕ್ಷಕರೇ ಇಂಗ್ಲಿಷನ್ನೂ ನೋಡಿಕೊಳ್ಳುತ್ತಾರೆ. ಇದನ್ನು ಕೇಳಿದರೆ ಯಾರನ್ನು ಬೈಯಬೇಕೆಂದೇ ತಿಳಿಯುವುದಿಲ್ಲ. ಒಂದು ಕಡೆ ಟೀಚರಿದ್ದರೂ ಮಾತಾಡಗೊಡುವುದಿಲ್ಲ, ಇನ್ನೊಂದು ಕಡೆ ಮಾತಾಡಲು ಅಡ್ಡಿಯಿಲ್ಲ, ಟೀಚರೇ ಇಲ್ಲ. ಜರೀನಾ ಈಗ ಕದರಮಂಡಲಗಿ ಕಡೆಯ ಒಂದು ಸರಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ವರ್ಷ ಮುಗಿದರೆ ಅತಿಥಿಯಂತೆಯೇ ಹೊರಡಬೇಕು.

ಮೊನ್ನೆ ಅವಳು ಫೋನು ಮಾಡಿದ್ದಳು. ಮೈಲವ್ವನ ಹೊಸ ಶಾಲೆಯ ವಿಜ್ಞಾನದ ಶಿಕ್ಷಕರು ಹಿಂದಿನ ದಿನ ಜರೀನಾಳಿಗೆ ಕರೆ ಮಾಡಿದ್ದರಂತೆ.

“ಏನಂತ?”

“‘ಈ ಹುಡುಗಿಗೆ ಒಂದೀಟು ಸುಮ್ನ ಕುಂದ್ರಾಕ ಹೇಳ್ರಿ ಟೀಚರ್ರ, ಒಂದು ಪಾಠದಾಗ ಹತ್ತು ಪ್ರಶ್ನಿ ಕೇಳ್ತಾಳ, ಪೋರ್ಷನ್ ಮುಗಿಯೂದಿಲ್ಲ’ ಅಂದ್ರು ಸರ. ‘ಅದೊಂದು ಬಿಟ್ಟು ಬ್ಯಾರೆ ಏನರ ಹೇಳ್ರಿ, ಹೇಳ್ತೇನಿ’ ಅಂದ್ನಿ.”

“ಸಿಟ್ಟಾದ್ರೇನು?”

“ಇಲ್ರಿ. ನಕ್ರು. ಆಮ್ಯಾಲ, ‘ಹೋಗ್ಲಿ, ಆಕಿ ಕೇಳಿದ ಪ್ರಶ್ನಿ ನನಗೂ ಬಗೀಹರಿದಿಲ್ರಿ, ನೀವರ ಹೇಳ್ರಿ’ ಅಂದ್ರು. ನಾ ಸಾಲಿ ಬಿಟ್ಟು ಬಸ್ಸಿನ ದಾರಿ ಕಾಯ್ಕೋತ ನಿಂತಿದ್ನಿ, ಇಬ್ಬರೂ ಫೋನಿನ್ಯಾಗ ಮಾತಾಡ್ಕೋತ ಉಳದ್ವಿರಿ ಸರ. ನಮ್ಮೂರ ಬಸ್ಸು ಎದುರಿಗೇ ಹೋತು, ನೋಡಲೇ ಇಲ್ಲ ನಾನು.”